ಗಾಳಿಯಲ್ಲಿ ಯಾರ ಪಾಲೆಷ್ಟು

ತಿನ್ನಬೇಕೋ ಬೇಡವೋ ಎಂದು ಅವಳು ತಟ್ಟೆಯ ಮುಂದೆ ಕೂತೇ ಇದ್ದಳು. ತಿಂದರೆ ಮೇಲೆ ಹೋದಾಗ ವಾಂತಿಯಾಗುತ್ತದೆ. ತಿನ್ನದಿದ್ದರೂ ಆಗುತ್ತದೆ, ಆಗ ಬರೀ ಕಹಿ ನೀರು. ಇಷ್ಟು ವರ್ಷ ಆ ಪುಟ್ಟ ವಿಮಾನದಲ್ಲಿ ಹಾರಿದ ಮೇಲೂ ಅವಳ ಹೊಟ್ಟೆ ಮಾತ್ರ ಅವಳ ಜೊತೆ ಮೇಲೇರಲು ಒಪ್ಪಿರಲಿಲ್ಲ. ಕಿಟಕಿಯಾಚೆ, ಎದುರುಮನೆಯ ತಂತಿಯ ಮೇಲೆ ಒಣಗಲು ಹಾಕಿದ್ದ ಅಂಗಿಯೊಂದರ ತೋಳು ಸ್ವಲ್ಪವೇ ಎದ್ದು ಇಳಿಯುತ್ತಿತ್ತು. ದಕ್ಷಿಣದ ಗಾಳಿ, ನಿಧಾನ, ಹದವಾಗಿದೆ ಎಂದು ಅವಳ ತಲೆ ತನ್ನಷ್ಟಕ್ಕೆ ತಾನೇ ಗುರುತು ಹಾಕಿಕೊಂಡಿತು. ಬೇರೆಯವರು ಬೆಳಿಗ್ಗೆ ಎದ್ದು ಆಕಾಶ ನೋಡುತ್ತಾರೆ, ಅವಳು ಒಣಹಾಕಿದ ಬಟ್ಟೆ ನೋಡುತ್ತಾಳೆ. ಇವತ್ತಿನ ಭಯ ವಾಂತಿಯದಾಗಿರಲಿಲ್ಲ. ಇವತ್ತು ಅವಳಿಗೆ ಒಂದು ಉತ್ತರ ಬೇಕಾಗಿತ್ತು, ತುಂಬಾ ಬೇಕಾಗಿತ್ತು. ಅಳೆಯುವವರಿಗೆ ಮೊದಲೇ ಉತ್ತರ ಬೇಕೆನಿಸುವುದಕ್ಕಿಂತ ಕೆಟ್ಟ ಕಾಯಿಲೆ ಇನ್ನೊಂದಿಲ್ಲ ಎಂದು ಅವಳೇ ಎಷ್ಟು ಜನರಿಗೆ ಪಾಠ ಹೇಳಿರಲಿಲ್ಲ! ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮತ್ತೆ ಹತ್ತಿರ ಎಳೆದುಕೊಂಡು, ಅರ್ಧ ತಿಂದು ಎದ್ದಳು. ಎರಡಕ್ಕೂ ಇರಲಿ ಎನ್ನುವ ಹಾಗೆ.

ಅವಳ ಕೆಲಸ ಏನೆಂದು ಕೇಳಿದವರಿಗೆ ಮೊದಮೊದಲು ಅವಳು ಉದ್ದಕ್ಕೆ ಬಿಡಿಸಿ ಹೇಳುತ್ತಿದ್ದಳು. ಮೀಥೇನ್ ಅಂತ ಒಂದು ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಬಲು ಚುರುಕು. ನೆಲದಡಿಯ ಅನಿಲ ತೆಗೆಯುವ ಬಾವಿ, ಕೊಳವೆ, ಟ್ಯಾಂಕುಗಳಿಂದಲೂ ಸೋರುತ್ತದೆ, ಮೆಲುಕು ಹಾಕುವ ದನಗಳ ಹೊಟ್ಟೆಯಿಂದಲೂ ಬರುತ್ತದೆ. ವಿಮಾನದಲ್ಲಿ ಹೋಗಿ, ಗಾಳಿಯನ್ನು ಕೊಳವೆಯಲ್ಲಿ ಹೀರಿ, ಇಡೀ ಸೀಮೆಯಿಂದ ಗಂಟೆಗೆ ಎಷ್ಟು ಹೊರಡುತ್ತಿದೆ, ಅದರಲ್ಲಿ ಯಾರ ಪಾಲು ಎಷ್ಟು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಇಷ್ಟೆಲ್ಲ ಹೇಳಿದರೂ ಕೇಳಿದವರ ಕಿವಿಗೆ ಬೀಳುತ್ತಿದ್ದದ್ದು ದನ, ಹೊಟ್ಟೆ ಎರಡೇ. “ಅಂದ್ರೆ, ಹಸುವಿನ ಹೂಸು ಅಳೀತೀರಾ?” ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. “ಹೂಸಲ್ಲ, ತೇಗು. ಹೆಚ್ಚಿನದು ಬಾಯಿಂದಲೇ ಬರೋದು” ಎಂದು ಅವಳು ತಿದ್ದುವಷ್ಟರಲ್ಲಿ ನಗು ಇನ್ನೊಂದು ಸುತ್ತು ಸುತ್ತಿ ಬಂದಿರುತ್ತಿತ್ತು. ಕಚೇರಿಯ ಕ್ಯಾಂಟೀನಿನಲ್ಲಿ ತನಗೆ ‘ಹೂಸು ಮೇಡಂ’ ಎಂಬ ಹೆಸರಿದೆಯೆಂದು ಅವಳಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಕಂಬದ ಹಿಂದೆ ಕೈ ತೊಳೆಯುತ್ತಾ ನಿಂತಿದ್ದಾಗ. ಆ ಹೆಸರು ಹೇಳಿ ಉಳಿದವರನ್ನು ನಗಿಸುತ್ತಿದ್ದದ್ದು ಅವಳೇ ಕೆಲಸಕ್ಕೆ ಸೇರಿಸಿಕೊಂಡ ಹುಡುಗಿ. ಅವಳು ನಲ್ಲಿ ನಿಲ್ಲಿಸದೆ, ಅವರೆಲ್ಲ ಎದ್ದುಹೋಗುವವರೆಗೂ ಕೈ ತೊಳೆಯುತ್ತಲೇ ಇದ್ದಳು. ಬೆರಳ ತುದಿಗಳು ಸುಕ್ಕಾಗಿದ್ದವು. ಆಮೇಲೆ ಬಂದು ಆ ಹುಡುಗಿಯ ವರದಿಯನ್ನು ಎಂದಿನಂತೆಯೇ ತಿದ್ದಿಕೊಟ್ಟಳು. ಸಿಟ್ಟು ಬಂದಿರಲಿಲ್ಲ. ಬಂದದ್ದು ವಿಚಿತ್ರವಾದ ನಾಚಿಕೆ. ಹೆಸರು ಸುಳ್ಳಲ್ಲ, ಬರೀ ತಪ್ಪು ತುದಿಯದು ಎನ್ನುವ ನಾಚಿಕೆ.

ಹಸು ಅವಳಿಗೆ ನಗೆಚಾಟಿಕೆಯ ವಿಷಯವಾಗಿರಲಿಲ್ಲ. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನಾದ ಅಣ್ಣ ನಾಲ್ಕು ಹಸು ಕಟ್ಟಿಕೊಂಡು ಹಾಲು ಕರೆದು ಅವಳನ್ನು ಓದಿಸಿದ್ದ. ಚಳಿಯ ಬೆಳಗಿನಲ್ಲಿ ಅವಳು ಮಲಗಿದ ಹಸುವಿನ ಪಕ್ಕೆಗೆ ಬೆನ್ನು ಕೊಟ್ಟು ಕೂತು ಲೆಕ್ಕ ಮಾಡುತ್ತಿದ್ದಳು. ಒಳಗೆ ಎಲ್ಲೋ ಆಳದಲ್ಲಿ ಗುಡುಗುಡು ಎಂದು ಸದ್ದು ಹೊರಳಿ, ಕುತ್ತಿಗೆಯ ಉದ್ದಕ್ಕೂ ಏರಿ ಬಂದು, ಬಿಸಿಯಾದ ಹುಲ್ಲಿನ ಉಸಿರಾಗಿ ಅವಳ ಪುಸ್ತಕದ ಮೇಲೆ ಬೀಳುತ್ತಿತ್ತು. ಆ ನಾಲ್ಕು ಈಗ ನಾನೂರಾಗಿವೆ. ಅಣ್ಣನ ಡೇರಿಗೆ ಉದ್ದನೆಯ ತಗಡಿನ ಸೂರು, ಹಾಲು ಕರೆಯುವ ಯಂತ್ರ, ಸಗಣಿ ನೀರು ಹೋಗಿ ಬೀಳುವ ಕೆರೆಯಂಥ ಹೊಂಡ ಎಲ್ಲಾ ಇದೆ. ಹೋದ ವರ್ಷ ಅವಳ ವಿಮಾನ ಈ ಸೀಮೆಯ ಗಾಳಿ ಬರುವ ಅಂಚಿನಲ್ಲೊಮ್ಮೆ, ಹೊರಡುವ ಅಂಚಿನಲ್ಲೊಮ್ಮೆ ಹಾರಿ ಲೆಕ್ಕ ತೆಗೆದಾಗ, ಯಾರಿಂದ ಎಷ್ಟು ಹೊರಡುತ್ತದೆಂಬ ಸರ್ಕಾರಿ ಪಟ್ಟಿಯಲ್ಲಿ ಇದ್ದದ್ದರ ಎರಡರಷ್ಟು ಮೀಥೇನ್ ಸಿಕ್ಕಿತು. ಹೆಚ್ಚಿನದೆಲ್ಲ ದನದ್ದು ಎಂದಿತು ಅನಿಲ ಕಂಪನಿ. ಹಾಗಾದರೆ ದನದ ಹಿಂಡುಗಳನ್ನು ಮೂರರಲ್ಲೊಂದು ಪಾಲು ಇಳಿಸಬೇಕೆಂದು ಆದೇಶ ತಯಾರಾಯಿತು. ಅವಳು ತಡೆದಳು. ನೆಲದಡಿಯ ಅನಿಲದಲ್ಲಿ ಮೀಥೇನಿನ ಜೊತೆ ಸ್ವಲ್ಪ ಈಥೇನ್ ಇದ್ದೇ ಇರುತ್ತದೆ, ಹಸುವಿನ ತೇಗಿನಲ್ಲಿ ಇರುವುದಿಲ್ಲ, ಗಾಳಿಯಲ್ಲಿ ಎರಡನ್ನೂ ಒಟ್ಟಿಗೆ ಅಳೆದರೆ ಯಾವುದು ಯಾರದೆಂದು ಹೇಳಬಹುದು, ಹೆಚ್ಚಿನದು ಅನಿಲದ್ದು ಎಂದು ವರದಿ ಕೊಟ್ಟಳು. ಆ ವರದಿ ಪರಿಶೀಲಿಸುವ ಸರ್ಕಾರಿ ಸಮಿತಿಯ ಸಭೆಯಲ್ಲಿ ಕಂಪನಿಯ ಇಂಜಿನಿಯರು ದನಿ ಏರಿಸದೆ, ಬಹಳ ಮರ್ಯಾದೆಯಿಂದ, “ಡೇರಿಗಳ ಮಧ್ಯದಲ್ಲಿರೋ ಆ ದೊಡ್ಡದು ಮೇಡಂ ಅವರ ಅಣ್ಣನವರದು ಅಂತ ಕೇಳಿದ್ದೆ. ತಪ್ಪಿದ್ರೆ ಕ್ಷಮಿಸಿ” ಎಂದಿದ್ದ. ತಪ್ಪಿರಲಿಲ್ಲ. ಅವಳು ಅದನ್ನು ವರದಿಯ ಮೊದಲ ಪುಟದಲ್ಲೇ ಬರೆದಿದ್ದಳು. ಆದರೂ ಮೇಜಿನ ಸುತ್ತ ಕೂತವರೆಲ್ಲರ ಕಣ್ಣು ಒಮ್ಮೆಲೆ ಅವಳ ಮೇಲೆ ಬಿದ್ದಾಗ ಕದ್ದ ಮಾಲು ಸೆರಗಿನಲ್ಲಿ ಸಿಕ್ಕಿದಂತೆ ಮುಖ ಬಿಸಿಯಾಯಿತು. ಆ ಬಿಸಿ ಇನ್ನೂ ಆರಿರಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅದೇ ಪ್ರಶ್ನೆ ಬಂದು ಪಕ್ಕದಲ್ಲಿ ಮಲಗುತ್ತಿತ್ತು: ಈಥೇನಿನ ಗೆರೆ ನಿಜವಾಗಿಯೂ ಏರಿತ್ತೋ, ಇಲ್ಲಾ ಏರಲಿ ಎಂದು ನೀನು ನೋಡುತ್ತಾ ಕೂತಿದ್ದೆಯೋ?

ಅದಕ್ಕೇ ಇವತ್ತಿನ ಪರೀಕ್ಷೆ. ಸಮಿತಿಯ ಅಧ್ಯಕ್ಷೆ ತೀರ್ಮಾನಿಸಿದ್ದರು: ಕಂಪನಿಯ ಒಂದು ಲಾರಿಯಿಂದ ನಾಲ್ಕು ಸಲ ನೆಲದಡಿಯ ಅನಿಲ ಬಿಡುತ್ತಾರೆ, ಎಷ್ಟು ಬಿಡುತ್ತಾರೆಂಬುದು ಲಾರಿಯ ಹತ್ತಿರ ನಿಂತ ಅಧ್ಯಕ್ಷೆಗೆ ಮಾತ್ರ ಗೊತ್ತು, ವಿಮಾನದಿಂದ ಅವಳು ಅಳೆದು, ಪ್ರತಿ ಸಲವೂ ರೇಡಿಯೋದಲ್ಲಿ ಸಂಖ್ಯೆ ಹೇಳಬೇಕು, ಒಮ್ಮೆ ಹೇಳಿದ್ದನ್ನು ತಿದ್ದುವಂತಿಲ್ಲ. ಸರಿಬಂದರೆ ವರದಿ ಉಳಿಯುತ್ತದೆ. ಇಲ್ಲದಿದ್ದರೆ ವರದಿ ಕಸದಬುಟ್ಟಿಗೆ, ಹಸುಗಳು ಕಟುಕರ ಕೈಗೆ. ಜಾಗ ಆರಿಸಿದ್ದು ಕಂಪನಿ: ಬಳಕೆ ತಪ್ಪಿದ ಜಲ್ಲಿ ಅಂಗಳ. ಅದರ ಪಶ್ಚಿಮಕ್ಕೆ, ಒಂದು ರಸ್ತೆ ಎರಡು ಹುಲ್ಲುಗಾವಲು ದಾಟಿದರೆ, ಅಣ್ಣನ ಡೇರಿ.

ವಿಮಾನದ ಹತ್ತಿರ ಪೈಲಟ್ ರೆಕ್ಕೆಯಡಿಯ ಕೊಳವೆಯ ಬಾಯಿ ಒರೆಸುತ್ತಿದ್ದ. ಅರವತ್ತು ಸಮೀಪಿಸಿದ, ಹೊಟ್ಟೆ ಬಂದ, ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುವ ಮನುಷ್ಯ. ದೊಡ್ಡ ವಿಮಾನಗಳನ್ನು ಹಾರಿಸಿ ನಿವೃತ್ತನಾಗಿ, ಮನೆಯಲ್ಲಿ ಕೂರಲಾರದೆ ಇಲ್ಲಿಗೆ ಬಂದವನು. “ಬನ್ನಿ ಮೇಡಂ. ತಿಂಡಿ ಆಯ್ತಾ? ಏನು ತಿಂದ್ರಿ ಅಂತ ಆಮೇಲೆ ನಾನೇ ನೋಡ್ತೀನಿ ಬಿಡಿ” ಎಂದ. ಅವಳಿಗೆ ನಗು ಬಂತು. ಕಂಪನಿಯ ಇಂಜಿನಿಯರು ಆಗಲೇ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಿಸಿ ಕೂತಿದ್ದ. ಸಾಕ್ಷಿಯಾಗಿ ಅವನೂ ಬರಬೇಕೆಂಬುದು ನಿಯಮ. ಹತ್ತಿರದಿಂದ ನೋಡಿದರೆ ಅವನ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು. “ಎಷ್ಟೆಷ್ಟು ಬಿಡ್ತಾರೆ ಅಂತ ನನಗೂ ಗೊತ್ತಿಲ್ಲ ಮೇಡಂ. ಪ್ರಮಾಣಗಳನ್ನ ನಾವು ಕೊಟ್ಟಿದ್ದು ನಿಜ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನ ಅಧ್ಯಕ್ಷರು ಚೀಟಿ ಎತ್ತಿ ಮಾಡ್ತಾರೆ” ಎಂದ. ಕೇಳದೆಯೇ ಹೇಳಿದನಲ್ಲ ಎಂದು ಅವಳಿಗೆ ಅವನ ಮೇಲೆ ಒಂದು ಕ್ಷಣ ಮೆಚ್ಚುಗೆ ಹುಟ್ಟಿತು. ಆ ಮೆಚ್ಚುಗೆಯನ್ನೂ ಅವಳು ಅನುಮಾನದಿಂದ ನೋಡಿ ಬದಿಗಿಟ್ಟಳು.

ಮೇಲಿನಿಂದ ಲಾರಿ ಜಲ್ಲಿಯ ಬೂದು ಬಣ್ಣದಲ್ಲಿ ಯಾರೋ ಮರೆತುಹೋದ ಬೆಂಕಿಪೆಟ್ಟಿಗೆಯ ಹಾಗಿತ್ತು. ಕ್ಯಾಪ್ಟನ್ ಅದರ ಸುತ್ತ ವಿಮಾನವನ್ನು ವಾಲಿಸಿ ಸುತ್ತತೊಡಗಿದ. ಮೊದಲು ತಗ್ಗಿನಲ್ಲಿ, ಆಮೇಲೆ ಒಂದೊಂದೇ ಮಹಡಿ ಏರಿದಂತೆ ಎತ್ತರದಲ್ಲಿ. ಲೆಕ್ಕ ಸರಳ: ಈ ಸುತ್ತುಗಳು ಕಟ್ಟಿದ ಕಾಣದ ಪೀಪಾಯಿಯೊಳಗೆ ಗಾಳಿಯ ಜೊತೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಕಳೆದರೆ ಉಳಿಯುವುದು ನಡುವೆ ಹುಟ್ಟಿದ್ದು. ಅವಳ ಮುಂದಿನ ಪರದೆಯಲ್ಲಿ ಎರಡು ಗೆರೆಗಳು, ಮೀಥೇನಿನದು ಕೆಂಪು, ಈಥೇನಿನದು ನೀಲಿ. ಸೀಟಿನ ಪಕ್ಕದ ಪೆಟ್ಟಿಗೆಯಲ್ಲಿ ಲೇಸರ್ ಕಿರಣವೊಂದು ಎರಡು ಕನ್ನಡಿಗಳ ನಡುವೆ ಸಾವಿರ ಸಲ ಹೋಗಿ ಬಂದು, ಹೀರಿದ ಗಾಳಿಯಲ್ಲಿ ಯಾವ ಅಣು ಎಷ್ಟಿದೆ ಎಂದು ಹೇಳುತ್ತಿತ್ತು. ಲಾರಿಯ ಉತ್ತರಕ್ಕೆ ಬಂದಾಗ ಎರಡೂ ಗೆರೆಗಳು ಒಟ್ಟಿಗೆ ಎದ್ದವು, ಕೈ ಹಿಡಿದು ಮೆಟ್ಟಿಲು ಹತ್ತುವ ಅಕ್ಕತಂಗಿಯರ ಹಾಗೆ. ಅವಳು ನೋಡಿದಳು, ಮೆಚ್ಚಿಕೊಳ್ಳಲಿಲ್ಲ. ಸುತ್ತು ಮುಗಿದ ಮೇಲೆ ರೇಡಿಯೋ ಒತ್ತಿ, “ಮೊದಲನೇದು. ಗಂಟೆಗೆ ನಲವತ್ತು ಕಿಲೋ” ಎಂದಳು. ಕೆಳಗಿನಿಂದ ಅಧ್ಯಕ್ಷೆಯ ದನಿ, ಬಿಸಿಯೂ ಇಲ್ಲದೆ ತಣ್ಣಗೂ ಇಲ್ಲದೆ, “ಬರೆದುಕೊಂಡೆ” ಎಂದಿತು. ಎರಡನೆಯದು ಸಣ್ಣದು: ಹದಿಮೂರು ಎಂದಳು. ಅಷ್ಟರಲ್ಲಿ ಬಿಸಿಲೇರಿ ಗಾಳಿ ಕುದಿಯತೊಡಗಿತ್ತು. ವಿಮಾನ ಹಳ್ಳಕ್ಕೆ ಬಿದ್ದ ಗಾಡಿಯ ಹಾಗೆ ಕುಸಿದು ಎದ್ದಿತು. ಅವಳು ವಾಂತಿಯ ಚೀಲಕ್ಕೆ ತಡಕಾಡಿದಳು, ಸಿಗಲಿಲ್ಲ. ಹಿಂದಿನಿಂದ ಒಂದು ಕೈ ಬಂದು ಚೀಲವನ್ನು ಅವಳ ಬಾಯಿಗೆ ಹಿಡಿಯಿತು. ಆಗಬೇಕಾದ್ದೆಲ್ಲ ಆಯಿತು. ಕಣ್ಣೀರು, ಮೂಗಿನ ನೀರು, ಅರ್ಧ ತಿಂದಿದ್ದ ತಿಂಡಿ, ಎಲ್ಲಾ. ತನ್ನ ಸಭೆಯ ವೈರಿ ತನ್ನ ವಾಂತಿಯ ಚೀಲದ ಬಾಯಿ ಗಂಟು ಹಾಕುತ್ತಿದ್ದಾನೆ. ಇದಕ್ಕಿಂತ ಕೆಳಗಿಳಿಯಲು ಜಾಗವಿಲ್ಲ ಎನ್ನಿಸಿದಾಗ ಅವಳ ಮನಸ್ಸು ವಿಚಿತ್ರವಾಗಿ ಹಗುರಾಯಿತು. “ನೀರು ತಗೊಳ್ಳಿ. ನಮ್ಮ ಮಗಳಿಗೂ ಹೀಗೇ, ಕಾರಲ್ಲಿ ಕೂತ್ರೆ ಸಾಕು” ಎಂದ ಅವನು.

ಮೂರನೆಯ ಸಲ ಸುತ್ತಲು ಶುರು ಮಾಡುವಾಗ ರೆಕ್ಕೆಯ ತುದಿಯ ಯಂತ್ರ ಗಾಳಿ ತಿರುಗಿದೆಯೆಂದು ತೋರಿಸಿತು. ಈಗ ಪಶ್ಚಿಮದಿಂದ. ಅವಳು ತಲೆಯೆತ್ತಿ ಎಡಕ್ಕೆ ನೋಡಿದಳು. ತಗಡಿನ ಸೂರಿನ ಮೇಲೆ ಬಿಸಿಲು ಹೊಳೆಯುತ್ತಿತ್ತು. ಅದರ ಪಕ್ಕ ಹೊಂಡದ ಕಂದು ನೀರು. ಸೂರಿನಡಿ ಎಲ್ಲೋ ಅಣ್ಣ ಈ ಹೊತ್ತಿಗೆ ತಲೆಗೆ ಟವೆಲ್ ಸುತ್ತಿಕೊಂಡು, ನೀರಿನ ತೊಟ್ಟಿ ತುಂಬಿದೆಯೋ ಎಂದು ನೋಡುತ್ತಿರುತ್ತಾನೆ. ವಿಮಾನದ ಸದ್ದು ಕೇಳಿ ತಲೆಯೆತ್ತಿರುತ್ತಾನೆಯೇ? ಅಷ್ಟರಲ್ಲಿ ಕೆಂಪು ಗೆರೆ ಎದ್ದಿತು, ಲಾರಿಯ ಪೂರ್ವಕ್ಕೆ, ಬರಬೇಕಾದ ಜಾಗದಲ್ಲೇ, ಅಗಲವಾಗಿ, ಒಳ್ಳೆಯ ಗುಡ್ಡದ ಹಾಗೆ. ನೀಲಿ ಗೆರೆ ಏಳಲಿಲ್ಲ. ಇನ್ನೊಂದು ಸುತ್ತು, ಇನ್ನೂ ಮೇಲೆ. ಕೆಂಪು ಎದ್ದಿತು, ನೀಲಿ ಮಲಗಿಯೇ ಇತ್ತು. ಲೆಕ್ಕದ ಕಂಪ್ಯೂಟರು ತನಗೆ ಗೊತ್ತಿದ್ದನ್ನೆಲ್ಲ ಕೂಡಿ ಕಳೆದು ಮೂಲೆಯಲ್ಲಿ ಒಂದು ಸಂಖ್ಯೆ ತೋರಿಸಿತು: ಹದಿನಾರು.

“ಹದಿನಾರು ಬರ್ತಿದೆ” ಎಂದ ಇಂಜಿನಿಯರು, ಹಿಂದಿನಿಂದ ಬಗ್ಗಿ ನೋಡುತ್ತಾ. ಅವನ ದನಿಯಲ್ಲಿ ಬಲೆ ಇರಲಿಲ್ಲ. ಅವನೂ ಅದನ್ನೇ ನಂಬಿದ್ದ. “ಹೇಳಿಬಿಡಿ ಮೇಡಂ, ಇನ್ನೊಂದು ಬಾಕಿ ಇದೆ.”

ಹೇಳಿಬಿಡಬಹುದಾಗಿತ್ತು. ಯಂತ್ರ ಹೇಳಿದ್ದು, ನಾನು ಹೇಳಿದ್ದಲ್ಲ. ಎರಡನೆಯದು ಹದಿಮೂರು ಇತ್ತು, ಮೂರನೆಯದು ಹದಿನಾರು ಎಂದರೆ ಯಾರಿಗೂ ಅತಿ ಎನಿಸದು. ಹದಿನಾರನ್ನು ಲಾರಿಗೆ ಕೊಟ್ಟರೆ ಅಣ್ಣನಿಗೆ ಏನೂ ಉಳಿಯುವುದಿಲ್ಲ. ಆ ಸೂರು, ಆ ಹೊಂಡ, ಆ ನಾನೂರು ಹೊಟ್ಟೆಗಳು ಗಾಳಿಯಲ್ಲಿ ಗುರುತೇ ಇಲ್ಲದೆ ಪಾರಾಗುತ್ತವೆ. ಬೆಳಗಿನಿಂದ ತನ್ನೊಳಗೆ ಕೂತಿದ್ದ ಬಯಕೆಯ ಮುಖ ಅವಳಿಗೆ ಈಗ ಚೆನ್ನಾಗಿ ಕಂಡಿತು. ಅದು ದೊಡ್ಡದೇನಾಗಿರಲಿಲ್ಲ, ಕೆಟ್ಟದ್ದೂ ಆಗಿರಲಿಲ್ಲ. ಚಳಿಯಲ್ಲಿ ಹಸುವಿನ ಪಕ್ಕೆಗೆ ಬೆನ್ನು ಕೊಟ್ಟು ಕೂತ ಹುಡುಗಿಯದು. ಕಂಡದ್ದೇ ಅದರ ಬಲ ಇಳಿಯಿತು. ನೀಲಿ ಗೆರೆ ಯಾಕೆ ಮಲಗಿದೆ? ಒಂದೋ ಈಥೇನ್ ಇಲ್ಲ, ಇಲ್ಲವೇ ಯಂತ್ರ ಕೆಟ್ಟಿದೆ. ಅವಳು ಕಾಲ ಬಳಿಯ ಸಿಲಿಂಡರಿನ ತಿರುಪು ತಿರುಗಿಸಿ, ಈಥೇನ್ ಎಷ್ಟಿದೆಯೆಂದು ಗೊತ್ತಿದ್ದ ಅನಿಲವನ್ನು ಕೊಳವೆಗೆ ಒಂದು ಉಸಿರಿನಷ್ಟು ಬಿಟ್ಟಳು. ನೀಲಿ ಗೆರೆ ತಟ್ಟನೆ ನೆಟ್ಟಗೆ ನಿಂತು, ಎಷ್ಟು ಏರಬೇಕೋ ಅಷ್ಟೇ ಏರಿ, ಇಳಿಯಿತು. ಯಂತ್ರ ಎಚ್ಚರವಾಗಿಯೇ ಇತ್ತು. ಹಾಗಾದರೆ ಈ ಮೀಥೇನ್ ಲಾರಿಯದಲ್ಲ. ಬಂದದ್ದು ಪಶ್ಚಿಮದಿಂದ. ಆದರೆ ಒಳಗೆ ಬರುವಾಗ ವಿಮಾನಕ್ಕೆ ಯಾಕೆ ಕಾಣಲಿಲ್ಲ? ಡೇರಿ ಅಷ್ಟು ಹತ್ತಿರವಿದೆ. ಅದರ ಗಾಳಿ ಪೀಪಾಯಿಯೊಳಗೆ ಹೊಕ್ಕಾಗ ಇನ್ನೂ ನೆಲಕ್ಕೆ ಅಂಟಿಕೊಂಡು, ಅವರ ಅತಿ ತಗ್ಗಿನ ಸುತ್ತಿಗಿಂತಲೂ ಕೆಳಗೆ ನುಸುಳಿ ಬಂದಿದೆ. ಹೊರಗೆ ಹೋಗುವಷ್ಟರಲ್ಲಿ ಬಿಸಿಲಿಗೆ ಮೇಲೆದ್ದು ಹರಡಿದೆ. ಬಾಗಿಲಡಿಯಲ್ಲಿ ತೂರಿ ಬಂದ ಬೆಕ್ಕು ಕಿಟಕಿಯಿಂದ ಹೊರಗೆ ಹಾರಿದ ಹಾಗೆ.

“ಕ್ಯಾಪ್ಟನ್, ಆ ಡೇರಿಯ ಸುತ್ತಲೂ ಇದೇ ಥರ ಸುತ್ತು ಹಾಕಬೇಕು. ಕೆಳಗಿಂದ ಮೇಲಿನವರೆಗೆ.”

“ಅದು ಪರೀಕ್ಷೆಯಲ್ಲಿ ಇಲ್ಲವಲ್ಲ ಮೇಡಂ” ಎಂದ ಇಂಜಿನಿಯರು.

“ಬೇಡ ಅಂತಾನೂ ಇಲ್ಲ.”

“ಅದು ನಿಮ್ಮ ಅಣ್ಣನವರದು...” ಎಂದು ಶುರು ಮಾಡಿ ಅವನು ಅರ್ಧಕ್ಕೇ ನಿಲ್ಲಿಸಿದ.

“ಹೌದು. ಅದಕ್ಕೇ ನೀವೂ ಚೆನ್ನಾಗಿ ನೋಡಿ” ಎಂದಳು ಅವಳು. ತನ್ನ ದನಿಯಲ್ಲಿ ಬಿಸಿ ಇರಲಿಲ್ಲವೆಂದು ಅವಳಿಗೇ ಆಶ್ಚರ್ಯವಾಯಿತು.

ಕ್ಯಾಪ್ಟನ್ ಇಂಧನದ ಮುಳ್ಳು ನೋಡಿ, ತಲೆ ಕೆರೆದು, “ನಡೀರಿ, ಹಾಲು ಕುಡಿದೇ ಬರೋಣ” ಎಂದು ರೆಕ್ಕೆ ವಾಲಿಸಿದ. ಡೇರಿಯ ಸುತ್ತ ಹಾರುವಾಗ ಹಸುಗಳ ಬೆನ್ನುಗಳು ಒಂದೊಂದಾಗಿ ಕಂಡವು. ಒಬ್ಬ ಮನುಷ್ಯ ಅಂಗಳದ ಮಧ್ಯೆ ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಅವಳು ಅವನನ್ನು ನೋಡಲಿಲ್ಲ, ಪರದೆ ನೋಡಿದಳು. ಪೂರ್ವದ ಅಂಚಿನಲ್ಲಿ, ಡೇರಿಯ ಗಾಳಿ ಮೇಲೇಳುವಷ್ಟು ದೂರ ಬಂದ ಮೇಲೆ, ಕೆಂಪು ಗೆರೆ ಏರಿತು, ನೀಲಿ ಮಲಗಿತ್ತು. ಮೂಲೆಯಲ್ಲಿ ಸಂಖ್ಯೆ ಸ್ವಲ್ಪ ಹೊತ್ತು ಹಿಂದೆಮುಂದೆ ಆಡಿ ನಿಂತಿತು. ಹದಿನಾರು. ಹಿಂದಿನ ಸೀಟಿನಲ್ಲಿ ಉಸಿರು ಸದ್ದಾಗಿ ಹೊರಬಂತು. ಅವಳು ರೇಡಿಯೋ ಒತ್ತಿದಳು.

“ಮೂರನೇದು. ಲಾರಿಯಿಂದ ಸೊನ್ನೆ.”

ಕೆಳಗಿನಿಂದ ಅಧ್ಯಕ್ಷೆಯ ದನಿ: “ಸೊನ್ನೆ ಅಂದ್ರಾ? ಇನ್ನೊಮ್ಮೆ ಹೇಳಿ.”

“ಸೊನ್ನೆ. ಗಾಳಿಯಲ್ಲಿ ಗಂಟೆಗೆ ಹದಿನಾರು ಕಿಲೋ ಇದೆ. ಅದು ಲಾರಿಯದಲ್ಲ, ಪಶ್ಚಿಮದ ಡೇರಿಯದು. ನಮ್ಮ ಅಣ್ಣನ ಡೇರಿಯದು. ಹಾಗೇ ಬರೆದುಕೊಳ್ಳಿ.”

“ಬರೆದುಕೊಂಡೆ” ಎಂದಿತು ದನಿ.

ನಾಲ್ಕನೆಯದು ದೊಡ್ಡದಿತ್ತು, ಎರಡು ಗೆರೆಗಳೂ ಒಟ್ಟಿಗೆ ಏರಿದವು. ಪಶ್ಚಿಮದಿಂದ ನುಸುಳಿ ಬಂದದ್ದನ್ನು ಕಳೆದು ಎಂಬತ್ತಾರು ಎಂದಳು. ಇಳಿಯುವಾಗ ಅವಳ ಮನಸ್ಸು ಖಾಲಿಯಾಗಿತ್ತು. ಹೇಳಿದ್ದು ತಪ್ಪಾಗಿದ್ದರೆ ಎಲ್ಲಾ ಮುಗಿಯಿತು. ತನ್ನ ಬಾಯಿಂದಲೇ ಅಣ್ಣನ ಪಾಲನ್ನು ಊರಿಗೆಲ್ಲ ಸಾರಿದ್ದಾಯಿತು, ಅದರ ಮೇಲೆ ಲಾರಿಯ ಕವಾಟವೂ ತೆರೆದಿತ್ತು ಎಂದಾದರೆ, ಆನೆಯೂ ಹೋಯಿತು, ಅಂಕುಶವೂ ಹೋಯಿತು. ಆದರೂ ಭಯ ಮಾತ್ರ ಇರಲಿಲ್ಲ. ಕಂಡದ್ದನ್ನು ಹೇಳಿದ್ದೆ ಎಂಬುದೊಂದೇ ಗಟ್ಟಿಯಾಗಿ ಕಾಲಡಿಯಲ್ಲಿತ್ತು. ವಿಮಾನದ ಚಕ್ರ ಆಮೇಲೆ ತಾನೇ ನೆಲ ಮುಟ್ಟಿದ್ದು.

ಜಲ್ಲಿ ಅಂಗಳಕ್ಕೆ ಜೀಪಿನಲ್ಲಿ ಬಂದಾಗ ಅಧ್ಯಕ್ಷೆ ಲಾರಿಯ ನೆರಳಿನಲ್ಲಿ ಮಡಿಸುವ ಕುರ್ಚಿ ಹಾಕಿ ಕೂತಿದ್ದರು. ಬಿಳಿ ಕೂದಲು, ಮೂಗಿನ ತುದಿಗೆ ಇಳಿದ ಕನ್ನಡಕ, ಎಂಥ ವಿಷಯವನ್ನೂ ರೈಲಿನ ವೇಳಾಪಟ್ಟಿಯ ಹಾಗೆ ಓದುವ ಹೆಂಗಸು. ಕಂಪನಿಯವರು ಒಂದು ಕಡೆ, ಕಚೇರಿಯವರು ಇನ್ನೊಂದು ಕಡೆ ನಿಂತಿದ್ದರು. ಅಧ್ಯಕ್ಷೆ ಮುನ್ನುಡಿ ಇಲ್ಲದೆ ಶುರು ಮಾಡಿದರು. “ಮೊದಲನೇದು, ಬಿಟ್ಟದ್ದು ನಲವತ್ತೆರಡು, ಇವರು ಹೇಳಿದ್ದು ನಲವತ್ತು. ಎರಡನೇದು, ಬಿಟ್ಟದ್ದು ಹನ್ನೆರಡು, ಹೇಳಿದ್ದು ಹದಿಮೂರು. ಮೂರನೇದು...” ಎಂದು ಕನ್ನಡಕ ಸರಿಮಾಡಿಕೊಂಡರು. ಜಲ್ಲಿಯ ಮೇಲೆ ಯಾರದೋ ಬೂಟು ಕರಕರ ಎಂದಿತು. “ಮೂರನೇದಕ್ಕೆ ಕವಾಟ ಮುಚ್ಚಿತ್ತು. ನಾನೇ ಮುಟ್ಟಿ ನೋಡಿದ್ದೆ. ಸೊನ್ನೆ.”

ಕ್ಯಾಪ್ಟನ್ ಹಾಕಿದ ಕೇಕೆಗೆ ಲಾರಿಯ ಮೇಲೆ ಕೂತಿದ್ದ ಕಾಗೆ ಎದ್ದು ಹಾರಿತು. ನಾಲ್ಕನೆಯದರಲ್ಲಿ ಬಿಟ್ಟದ್ದು ತೊಂಬತ್ತು ಎಂದು ಓದಿದ್ದು ಯಾರಿಗೂ ಸರಿಯಾಗಿ ಕೇಳಿಸಲೇ ಇಲ್ಲ. ಕಚೇರಿಯ ಆ ಹುಡುಗಿ, ಕಂಬದ ಹಿಂದಿನಿಂದ ಕೇಳಿದ ದನಿಯವಳು, ಓಡಿ ಬಂದು ಅವಳ ಎರಡೂ ಕೈ ಹಿಡಿದು, “ಮೇಡಂ, ಮೇಡಂ” ಎನ್ನುತ್ತಾ ಕಣ್ಣು ತುಂಬಿಕೊಂಡಳು. ಅವಳಿಗೆ ಮಾತ್ರ ಅಳು ಬರಲಿಲ್ಲ. ಎದೆಯೊಳಗೆ ಬಹಳ ದಿನದಿಂದ ಮುಚ್ಚಿದ್ದ ಕೋಣೆಯೊಂದರ ಕಿಟಕಿಗಳನ್ನು ಯಾರೋ ಒಂದೊಂದಾಗಿ ತೆರೆಯುತ್ತಾ ಹೋದಂತಾಯಿತು. ಗಾಳಿ ಒಳಗೆ ಬಂತು, ಬೆಳಕು ಬಂತು, ಮತ್ತು ಎಲ್ಲಕ್ಕಿಂತ ಜೋರಾಗಿ ಹಸಿವು ಬಂತು. ಗುಂಪಿನ ಆಚೆಯಿಂದ ಇಂಜಿನಿಯರು ಬಂದು ಎದುರು ನಿಂತ. “ಆ ಸೊನ್ನೆ ಇರಲಿ ಅಂತ ಹೇಳಿದ್ದೇ ನಾನು ಮೇಡಂ. ಡೇರಿ ಪಕ್ಕ ಜಾಗ ಆರಿಸಿದ್ದೂ ನಾನೇ. ನಿಮ್ಮನ್ನ ಅಲ್ಲೇ ಹಿಡೀಬಹುದು ಅಂದ್ಕೊಂಡಿದ್ದೆ. ಮೇಲೆ ಕೂತಾಗ ಪರದೆ ನೋಡಿ ನಾನೇ ಬಿದ್ದೆ. ನಾನಾಗಿದ್ರೆ ಹದಿನಾರು ಅಂದಿರ್ತಿದ್ದೆ” ಎಂದ. ಜೇಬಿನಿಂದ ಪೆನ್ನು ತೆಗೆದು, “ನಮ್ಮ ಟ್ಯಾಂಕುಗಳಲ್ಲಿ ಎಲ್ಲಿಂದ ಶುರು ಮಾಡ್ಲಿ, ಹೇಳಿ. ನಾಳೆನೇ ಜನ ಹತ್ತಿಸ್ತೀನಿ” ಎಂದ. ಅವಳು ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ, ಹೋದ ವರ್ಷ ನೀಲಿ ಗೆರೆ ಎದ್ದೆದ್ದು ನಿಂತ ಜಾಗಗಳನ್ನು ಬೆರಳಿಟ್ಟು ತೋರಿಸತೊಡಗಿದಳು. ಅವನು ಒಂದೊಂದಕ್ಕೂ “ಹೌದಾ? ಅಲ್ಲೂನಾ?” ಎನ್ನುತ್ತಾ ಗುರುತು ಹಾಕಿಕೊಂಡ. ಅಧ್ಯಕ್ಷೆ ಹೊರಡುವ ಮುನ್ನ ಬಂದು, ಅದೇ ವೇಳಾಪಟ್ಟಿಯ ದನಿಯಲ್ಲಿ ಹೇಳಿದರು: “ವರದಿ ಒಪ್ಪಿಕೊಂಡಿದ್ದೀವಿ. ಅನಿಲದ್ದು ಪಟ್ಟಿಯ ಮೂರರಷ್ಟು, ದನದ್ದು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಂತ ದಾಖಲಾಗುತ್ತೆ. ಹಿಂಡು ಇಳಿಸೋ ಆದೇಶ ಹೊರಡಲ್ಲ.” ಎರಡು ಹೆಜ್ಜೆ ಹೋಗಿ ತಿರುಗಿ, “ಅಣ್ಣನ ಡೇರಿಯದು ಅಂತ ಹೇಳಿದ್ರಲ್ಲ ರೇಡಿಯೋದಲ್ಲಿ, ಅದು ಚೆನ್ನಾಗಿತ್ತಮ್ಮ” ಎಂದರು. ಇಡೀ ದಿನದಲ್ಲಿ ಅವರ ಬಾಯಿಂದ ಬಂದ, ಸಂಖ್ಯೆಯೂ ನಿರ್ಧಾರವೂ ಅಲ್ಲದ ಮಾತು ಅದೊಂದೇ.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಅವಳು ಡೇರಿಗೆ ಹೋದಳು. ಹಿಂಡು ಇಳಿಸುವುದಿಲ್ಲ ಎಂಬ ಸುದ್ದಿ ಅವಳಿಗಿಂತ ಮೊದಲೇ ಬಂದು ತಲುಪಿತ್ತು. ಅಣ್ಣ ಗೇಟಿನ ತನಕ ಓಡಿ ಬಂದು, ಅವಳ ತಲೆಯ ಮೇಲೆ ಕೈಯಿಟ್ಟು, “ಗೆದ್ದೆ ಕಣೆ ಪುಟ್ಟಿ, ಗೆದ್ದೆ” ಎಂದು ಒಂದೇ ಸಮನೆ ಹೇಳಿದ. ಅವನ ಕೈಯಲ್ಲಿ ಹಾಲು, ಸಾಬೂನು ಎರಡರ ವಾಸನೆಯೂ ಇತ್ತು. ಅತ್ತಿಗೆ ಅವಳ ಮುಖ ನೋಡಿಯೇ ಒಳಗೆ ಹೋಗಿ ಊಟ ಬಡಿಸಿದರು. ಅವಳು ಎರಡು ಸಲ ಬಡಿಸಿಕೊಂಡು ತಿಂದಳು. ಆಮೇಲೆ, ತಪ್ಪಿಸಿಕೊಳ್ಳಲು ದಾರಿ ಹುಡುಕದೆ, ಹೇಳಿದಳು.

“ಅಣ್ಣಾ, ನಿನ್ನ ಡೇರಿಯದು ಗಂಟೆಗೆ ಹದಿನಾರು ಕಿಲೋ.”

“ಏನು ಹದಿನಾರು?”

“ಮೀಥೇನ್. ಇವತ್ತು ಅಳೆದೆ. ರೇಡಿಯೋದಲ್ಲಿ ಎಲ್ಲರ ಎದುರಿಗೇ ಹೇಳಿದೆ.”

ಅಣ್ಣ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಅವನ ಮುಖದಲ್ಲಿ ಗೆಲುವು ಒಂದು ಕ್ಷಣ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿತು. “ನನ್ನ ಹಸು ಅಷ್ಟು ತೇಗ್ತವಾ?”

“ನಾನೂರು ಹಸು ಸೇರಿ ತೇಗಿದ್ರೆ ಆರೋ ಏಳೋ ಕಿಲೋ. ಅದು ಹಸುವಿನ ಧರ್ಮ, ಏನೂ ಮಾಡೋಕಾಗಲ್ಲ. ಉಳಿದದ್ದು ಹಸುವಿಂದಲ್ಲ.” ಅವಳು ಗದ್ದ ಎತ್ತಿ ಕಿಟಕಿಯಾಚೆ ತೋರಿಸಿದಳು. “ಅದು. ಆ ಹೊಂಡ.”

ಅಡಿಗೆಮನೆಯಿಂದ ಪಾತ್ರೆ ಇಟ್ಟ ಸದ್ದು ಬಂತು. ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದರು. “ಕೇಳಿಸ್ತಾ?” ಎಂದರು ಗಂಡನಿಗೆ. “ಮುಚ್ಚಿಸಿ ಮುಚ್ಚಿಸಿ ಅಂತ ಬಡ್ಕೊಂಡೆ. ವಾಸನೆಗೆ ಹೇಳ್ತಾಳೆ ಅಂದ್ರಿ. ಇವತ್ತು ವಿಮಾನದಲ್ಲಿ ಬಂದು ಹೇಳಿದ ಮೇಲೆ ಕಿವಿಗೆ ಬಿತ್ತಾ?”

“ಮೇಲೆ ದಪ್ಪ ಟಾರ್ಪಾಲು ಎಳೆದು ಮುಚ್ಚಿದ್ರೆ ಆ ಅನಿಲವನ್ನ ಹಿಡೀಬಹುದು. ಹಾಲಿನ ಪೈಪು ತೊಳೆಯೋಕೆ ಬಿಸಿನೀರು ಕಾಯಿಸ್ತೀಯಲ್ಲ, ಅದಕ್ಕೆ ಉರಿಸಬಹುದು” ಎಂದಳು ಅವಳು.

ಅಣ್ಣ ಕಿಟಕಿಯ ಹತ್ತಿರ ಹೋಗಿ ಹೊಂಡದ ಕಡೆ ತಿರುಗಿದ. ಅವನಿಗೆ ನೋವಾಗಿದೆ, ತಾನು ಹೇಳುವ ರೀತಿ ಬೇರೆ ಇರಬೇಕಿತ್ತು ಎಂದು ಅವಳು ಒಳಗೊಳಗೇ ಕುಗ್ಗತೊಡಗಿದ್ದಳು. ಅವನು ಜೇಬಿನಿಂದ ಫೋನು ತೆಗೆದು, ರಸ್ತೆಯಾಚೆಯ ಡೇರಿಯವನಿಗೆ ಕರೆ ಹಚ್ಚಿ, ಹುಲ್ಲುಗಾವಲು ದಾಟಿ ಕೇಳಿಸುವ ಹಾಗೆ ಕೂಗಿದ: “ಹದಿನಾರು! ಹೂಂ ಕಣಯ್ಯಾ, ನಮ್ಮದು ಹದಿನಾರು ಕಿಲೋ, ಅದರಲ್ಲಿ ಹಸೂದು ಬರೀ ಆರೇಳು, ಮಿಕ್ಕಿದ್ದು ಹೊಂಡದ್ದು. ಯಾರು ಅಳೆದ್ರು ಅಂದ್ರೆ? ನನ್ನ ತಂಗಿ ಅಳೆದಳು, ಇನ್ಯಾರು! ನಿನ್ನದು ಎಷ್ಟು? ಗೊತ್ತಿಲ್ಲ ತಾನೆ? ಗೊತ್ತಿಲ್ಲದೆ ಮಾತಾಡ್ಬೇಡ. ಮೊದಲು ಅಳೆಸ್ಕೋ, ಆಮೇಲೆ ಮಾತಾಡೋಣ!” ಅದು ಮುಗಿದದ್ದೇ ಇನ್ನೊಬ್ಬನಿಗೆ, ಆಮೇಲೆ ಮತ್ತೊಬ್ಬನಿಗೆ. ಅವಳು ಗೋಡೆಗೆ ಒರಗಿ ನಗತೊಡಗಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ.

ಹೊರಗೆ ಅತ್ತಿಗೆ ಆಗಲೇ ಹೊಂಡದ ಅಂಚಿಗೆ ಹೋಗಿದ್ದರು, ಕೈಯಲ್ಲಿ ಒಂದು ಉದ್ದನೆಯ ಹಗ್ಗದ ಸುರುಳಿ. “ನಿಮ್ಮಣ್ಣ ಊರಿಗೆಲ್ಲ ಫೋನ್ ಮಾಡಿ ಮುಗಿಸೋ ಹೊತ್ತಿಗೆ ಕತ್ತಲಾಗುತ್ತೆ. ಎಷ್ಟು ದೊಡ್ಡ ಟಾರ್ಪಾಲು ಬೇಕು ನೋಡೋಣ. ಅಳೆಯೋಳು ನೀನು ತಾನೆ? ಬಾ, ಈ ತುದಿ ಹಿಡ್ಕೋ” ಎಂದು ಕೂಗಿದರು. ಅವಳು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒದ್ದೆ ಮಣ್ಣಿನ ಮೇಲೆ ಹೋಗಿ ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅತ್ತಿಗೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊಂಡದ ಬದಿಯಲ್ಲಿ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಾ ಹಗ್ಗ ಬಿಡಿಸುತ್ತಾ ಹೋದರು, ಆಚೆ ದಡದಲ್ಲಿ ನಿಂತು, “ಎಳೀ” ಎಂದರು. ಅವಳು ಎಳೆದಳು. ಕಂದು ನೀರಿನ ಮೇಲೆ ಹಗ್ಗ ನೆಟ್ಟಗೆ, ಬಿಗಿಯಾಗಿ ನಿಂತಿತು.